ಸೆರೆಯ ಮಾತುಗಳು



ದೀಪ ಹಚ್ಚುವ ಹೊತ್ತಿನಲ್ಲಿ ಸೆರೆಮನೆಯ ಮಾತನ್ನೆತ್ತುವುದು ಅಷ್ಟೇನೂ ಮಂಗಳಕರವಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನಾನು ಹೇಳಹೊರಟಿರುವುದು ಆ ಮನೆಯ ಗೋಡೆಗಳನ್ನು ಕುರಿತಲ್ಲ; ಗೋಡೆಯ ಹೊರಗೆ ನಿಂತು ನಾವು ಆಡುವ ಮಾತುಗಳನ್ನು ಕುರಿತು.

'ಸೆರೆ' ಎಂಬುದು ಅಚ್ಚಗನ್ನಡದ ಶಬ್ದ. ಹಳಗನ್ನಡದಲ್ಲಿ ಇದನ್ನು ಈಗ ಬಳಕೆ ತಪ್ಪಿರುವ ಶಕಟರೇಫದಿಂದ ಬರೆಯುತ್ತಿದ್ದರು. ತಮಿಳಿನ 'ಶಿಱೈ', ತೆಲುಗಿನ 'ಚೆಱ' ಇದರ ಒಡಹುಟ್ಟುಗಳು. ಈ ಮಾತಿಗೆ ಒಂದು ದೊಡ್ಡ ಗುಣವುಂಟು: ಸಿಕ್ಕಿಬಿದ್ದವರ ಮೇಲೆ ಅದು ಯಾವ ತಪ್ಪನ್ನೂ ಹೊರಿಸುವುದಿಲ್ಲ. ರಾವಣನ ಸೆರೆಯಲ್ಲಿದ್ದವಳು ಸೀತೆ. ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕುತ್ತಿದ್ದುದು ಕಾಡಾನೆ. ಹಿಡಿದಿದ್ದಾರೆ, ಬಿಟ್ಟಿಲ್ಲ ಎಂಬಷ್ಟನ್ನೇ ಆ ಶಬ್ದವು ಹೇಳುತ್ತದೆ.

ಉಳಿದವು ಹೊರಗಿನಿಂದ ಬಂದವು. 'ಕಾರಾಗೃಹ' ಸಂಸ್ಕೃತ. 'ಬಂದೀಖಾನೆ'ಯ ಬಾಲ ಪಾರಸಿಯದು. 'ಜೈಲು' ಇಂಗ್ಲಿಷಿನದು, ಅದರ ಮೂಲವನ್ನು ಹುಡುಕುತ್ತ ಹೋದರೆ ಲ್ಯಾಟಿನ್ ಭಾಷೆಯ ಪಂಜರಕ್ಕೆ ಮುಟ್ಟುತ್ತೇವೆ. ಧಾರವಾಡ, ಬೆಳಗಾವಿಗಳ ಕಡೆ ಹಳಬರು 'ತುರಂಗ' ಎನ್ನುತ್ತಿದ್ದರು. ಕಾವ್ಯ ಓದಿಕೊಂಡ ಮೈಸೂರಿನವನಿಗೆ ತುರಂಗವೆಂದರೆ ಕುದುರೆ. ನೆಂಟನನ್ನು ತುರಂಗಕ್ಕೆ ಹಾಕಿದರೆಂದು ಕೇಳಿ ಅವನು ಕುದುರೆ ಹತ್ತಿಸಿದರೆಂದು ತಿಳಿದರೆ ತಪ್ಪು ಅವನದಲ್ಲ. ಈ ತುರಂಗ ಬೇರೆ. ಪೋರ್ಚುಗೀಸರಲ್ಲಿ 'ಟ್ರೊಂಕೊ' ಎಂದರೆ ಮರದ ಬೊಡ್ಡೆ. ಅಪರಾಧಿಯ ಕಾಲುಗಳನ್ನು ಸಿಕ್ಕಿಸುವ ಮರದ ದಿಮ್ಮಿಗೂ ಅದೇ ಹೆಸರು. ಮರಾಠಿಯ ಮೂಲಕ ಅದು ನಮ್ಮಲ್ಲಿಗೆ ಬಂದಿತು. 'ಕೈದು' ಎಂಬುದರ ಅವಸ್ಥೆಯೂ ಹೀಗೆಯೇ. ಹಳಗನ್ನಡದಲ್ಲಿ ಅದು ಆಯುಧ. ಅರಬ್ಬಿಯಿಂದ ಬಂದ ಕೈದು ಬಂಧನ. ಒಂದು ಕೈಯಲ್ಲಿರುವುದು, ಇನ್ನೊಂದು ಕೈಯನ್ನೇ ಕಟ್ಟುವುದು.

'ದಸ್ತಗಿರಿ' ಎಂಬ ಮಾತನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ. ಪಾರಸಿಯಲ್ಲಿ 'ದಸ್ತ್' ಎಂದರೆ ಕೈ. 'ಗೀರ್' ಎಂದರೆ ಹಿಡಿಯುವವನು. ಆಪತ್ತಿನಲ್ಲಿ ಕೈಹಿಡಿದು ಕಾಪಾಡುವವರೆಂಬ ಅರ್ಥದಲ್ಲಿ ಅದು ಸೂಫಿ ಸಂತರಾದ ಅಬ್ದುಲ್ ಖಾದರ್ ಜೀಲಾನಿಯವರಿಗೆ ಸಂದ ಬಿರುದು. ಆ ಹೆಸರಿಟ್ಟುಕೊಂಡವರು ನಮ್ಮ ಊರುಗಳಲ್ಲಿ ಇಂದಿಗೂ ಅನೇಕರಿದ್ದಾರೆ. ನಮ್ಮ 'ಕೈಹಿಡಿ' ಎಂಬುದಕ್ಕೂ ಆಸರೆ, ಮದುವೆ ಎಂಬ ಒಳ್ಳೆಯ ಅರ್ಥಗಳೇ ಉಂಟು. ಪೊಲೀಸಿನವರು ಹಿಡಿದಾಗ ಮಾತ್ರ ಅದೇ ಕೈ ಅದೇ ಹಿಡಿತ ಬೇರೆಯಾಗುತ್ತದೆ.

ಜನರು ನಗೆಯನ್ನೂ ಬಿಟ್ಟಿಲ್ಲ. ಸೆರೆಮನೆಗೆ 'ಮಾವನ ಮನೆ' ಎಂದರು, 'ಕೃಷ್ಣಜನ್ಮಸ್ಥಾನ' ಎಂದರು. ೧೯೪೨ರ ಚಳವಳಿಯ ಕಾಲದಲ್ಲಿ ಅಲ್ಲಿಗೆ ಹೋಗುವುದು ಮರ್ಯಾದೆಯೇ ಆಗಿದ್ದಿತು. ಬೆಂಗಳೂರಿನ ಕೇಂದ್ರ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಹೋದಮೇಲೆ ಆ ಊರಿನ ಹೆಸರೇ ಸೆರೆಗೆ ಪರ್ಯಾಯವಾಗಿದೆ. ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರಿಗೆ ಅಗ್ರಹಾರವೆನ್ನುತ್ತಿದ್ದ ಕಾಲದವರು ಕೇಳಿದ್ದರೆ ಏನೆನ್ನುತ್ತಿದ್ದರೋ!

ಆದರೆ ನಗಲಾಗದ ಸಂಗತಿಯೊಂದುಂಟು. ನ್ಯಾಯಾಧೀಶನು ಅಪರಾಧವನ್ನು ನಿರ್ಣಯಿಸಿ ವಿಧಿಸುವುದು 'ಸಜೆ'. ಅದಕ್ಕೆ ಮೊದಲು ವಿಚಾರಣೆಗಾಗಿ ಇಟ್ಟುಕೊಂಡಿರುವುದು ಬಂಧನವೇ ಹೊರತು ಸಜೆಯಲ್ಲ. ೨೦೨೨ನೆಯ ಇಸವಿಯ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ನಿರ್ಣಯವಾಗಿರಲಿಲ್ಲ. ನಮ್ಮ ಬಾಯಲ್ಲಾದರೋ ಎಲ್ಲರೂ ಕೈದಿಗಳೇ. 'ಕಳ್ಳರ ಸೆರೆ' ಎಂದು ಪತ್ರಿಕೆಯು ಬೆಳಗ್ಗೆ ಅಚ್ಚುಹಾಕುವಾಗ ನ್ಯಾಯಸ್ಥಾನದ ಬಾಗಿಲು ತೆರೆದೇ ಇರುವುದಿಲ್ಲ. ಸೆರೆ ಎಂಬ ನಿರಪರಾಧಿ ಶಬ್ದದ ಪಕ್ಕದಲ್ಲಿ ಕಳ್ಳನೆಂಬ ತೀರ್ಪು ಆಗಲೇ ಬಂದು ಕುಳಿತಿರುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ಬಡಗಿಯಿದ್ದನು. ಕಳವಿನ ಆರೋಪದ ಮೇಲೆ ಏಳು ತಿಂಗಳು ಒಳಗಿದ್ದು, ನಿರ್ದೋಷಿಯೆಂದು ತೀರ್ಪಾಗಿ ಹೊರಗೆ ಬಂದನು. ಕಾಶಿಗೆ ಹೋದವನಿಗೆ ಕಾಶಿಗೆ ಹೋಗಿಬಂದವನು ಎನ್ನುವಂತೆ ಬೀದಿಯವರು ಅವನಿಗೆ ಜೈಲಿಗೆ ಹೋಗಿಬಂದವನು ಎಂದರು. ನಾನೂ ಒಮ್ಮೆ ಅವನೆದುರಿಗೇ ಅಂದುಬಿಟ್ಟೆನು. ಅವನು ಉಳಿಯನ್ನು ಕೆಳಗಿಟ್ಟು, "ನಾನಾಗಿ ಹೋಗಿರಲಿಲ್ಲ ಸ್ವಾಮಿ, ಹಿಡಿದುಕೊಂಡು ಹೋಗಿದ್ದರು" ಎಂದನು. ಮಗಳ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದ ದಿನ, ತಾಂಬೂಲದ ತಟ್ಟೆಗೆ ಮೊದಲು ಅವನು ಒಳಗಿನಿಂದ ತಂದಿಟ್ಟದ್ದು ಆ ತೀರ್ಪಿನ ನಕಲನ್ನು.