ಒಗ್ಗರಣೆಗೆ ಮುಂಚಿನ ಒಂದು ಬಟ್ಟಲು

ನಡುರಾತ್ರಿ ಗಂಟಲಿಗೆ ಹುಳಿನೀರು ನುಗ್ಗಿ, ಕೆಮ್ಮುತ್ತಾ ಎದ್ದು ಕೂತವರಿಗೆ ಇವತ್ತಿನ ಮಾತು ಬೇಗ ಹತ್ತುತ್ತದೆ. ಎದೆಗೂಡಿನ ಹಿಂದೆ ಯಾರೋ ಕೆಂಡ ಇಟ್ಟ ಹಾಗೆ ಉರಿ. ನನಗೆ ಹಾಗಾದ ಮೊದಲ ರಾತ್ರಿ, ಹೃದಯವೇ ಕೈಕೊಟ್ಟಿತೆಂದು ಆಸ್ಪತ್ರೆಗೆ ಓಡಿದೆವು. ಇ.ಸಿ.ಜಿ. ಸರಿಯಾಗಿತ್ತು. ಓಡಿದ್ದು ದಡ್ಡತನವೇನಲ್ಲ. ಎದೆನೋವು ಬಂದಾಗ ಮನೆಯಲ್ಲೇ ಕೂತು ‘ಗ್ಯಾಸ್ಟ್ರಿಕ್’ ಎಂದು ತೀರ್ಪು ಕೊಡಬಾರದು. ಅಂದಹಾಗೆ ಗ್ಯಾಸ್ಟ್ರಿಕ್ ಎಂದರೆ ಇಂಗ್ಲಿಷಿನಲ್ಲಿ ‘ಜಠರದ’ ಎಂದಷ್ಟೇ ಅರ್ಥ. ‘ನನಗೆ ಜಠರದ ಆಗಿದೆ’ ಅಂತ ಊರಿಗೆ ಊರೇ ಹೇಳಿಕೊಂಡು ಓಡಾಡುತ್ತೇವೆ!

ಆಗುವುದು ಇಷ್ಟು. ಅನ್ನನಾಳ ಜಠರವನ್ನು ಸೇರುವ ಕಡೆ ಉಂಗುರದಂಥ ಒಂದು ಸ್ನಾಯು ಇದೆ. ತುತ್ತು ನುಂಗಿದಾಗ ಬಾಯಿಬಿಟ್ಟು, ಮತ್ತೆ ಬಿಗಿದುಕೊಳ್ಳುತ್ತದೆ. ಕೆಳಗಿರುವ ಆಮ್ಲವೋ ನಿಂಬೆರಸಕ್ಕಿಂತ ತೀಕ್ಷ್ಣ. ಜಠರಕ್ಕೆ ಲೋಳೆಯ ದಪ್ಪ ಹೊದಿಕೆಯಿದೆ, ತಡೆದುಕೊಳ್ಳುತ್ತದೆ. ಅನ್ನನಾಳಕ್ಕೆ ಆ ಭಾಗ್ಯವಿಲ್ಲ. ಬಿರಿಯುವ ಹಾಗೆ ಉಂಡರೆ, ಜಿಡ್ಡು ಹೆಚ್ಚಾದರೆ ಆ ಸ್ನಾಯು ಸಡಿಲವಾಗುತ್ತದೆ. ಆಗಲೇ ಹೋಗಿ ಅಡ್ಡಾದೆವೋ, ಒಳಗಿದ್ದದ್ದು ಮೇಲಕ್ಕೆ ಬರುತ್ತದೆ.

ಡಾಕ್ಟರು ಒಂದು ಪಟ್ಟಿ ಕೊಟ್ಟರು. ಹುಣಸೆ, ಟೊಮೆಟೊ, ಹಸಿಮೆಣಸಿನಕಾಯಿ, ಹಸಿ ಈರುಳ್ಳಿ, ಕರಿದದ್ದು, ಕಾಫಿ, ಚಾಕೊಲೇಟು. ಕೊನೆಯಲ್ಲಿ ಪುದೀನ. ತಂಪು ಅಂದುಕೊಂಡು ನಾವು ಅಗಿಯುವ ಪುದೀನ ಆ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತದಂತೆ. ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ದಿನಾ ಎರಡು ಅಡುಗೆ. ನನಗೊಂದು ಸಪ್ಪೆ, ಮಿಕ್ಕವರಿಗೊಂದು. ಪಥ್ಯ ಮಾಡುತ್ತಿದ್ದವನು ನಾನು, ಬೆವರುತ್ತಿದ್ದವಳು ನನ್ನಾಕೆ. ತಿಂಗಳು ಕಳೆದ ಮೇಲೆ ಅವಳೇ ಅಂದಳು: “ರೀ, ನಿಮ್ಮ ಹೊಟ್ಟೆಗೆ ಡಾಕ್ಟರು ಸಿಕ್ಕಿದ್ರು. ನನ್ನ ರಟ್ಟೆಗೂ ಒಬ್ಬರನ್ನ ಹುಡುಕಿ.”

ಮಾತು ನಾಟಿತು. ಮರುದಿನ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಸಾರಿಗೆ ಖಾರ ಬೀಳುವುದು ಯಾವಾಗ, ಹುಳಿ ಬೀಳುವುದು ಯಾವಾಗ ಅಂತ ನೋಡುವುದಕ್ಕೆ. ಅಷ್ಟು ವರ್ಷ ಉಂಡಿದ್ದೆ, ಒಂದು ದಿನವೂ ನೋಡಿರಲಿಲ್ಲ. ತೊಗರಿಬೇಳೆ ಬೆಂದಿತು, ಅದರೊಳಗೆ ಸೋರೆಕಾಯಿ ಹೋಳು ಬೆಂದಿತು, ಉಪ್ಪು ಬಿತ್ತು, ಚಿಟಿಕೆ ಅರಿಶಿನ. ಅಲ್ಲಿಯತನಕ ನನಗೆ ಆಗದ ಪದಾರ್ಥ ಒಂದೂ ಇಲ್ಲ! ಹುಣಸೆರಸ, ಸಾರಿನಪುಡಿ, ಒಣಮೆಣಸಿನಕಾಯಿ ಒಗ್ಗರಣೆ, ಎಲ್ಲ ಬರುವುದು ಆಮೇಲೆ. ಅದಕ್ಕೆ ಮುಂಚೆ ಒಂದು ಬಟ್ಟಲು ಎತ್ತಿಟ್ಟು, ಜೀರಿಗೆ, ಕರಿಬೇವು, ಒಂದಿಷ್ಟು ಕಾಯಿತುರಿ ಹಾಕಿದರೆ ನನ್ನ ಊಟ ತಯಾರು. ಇದೇನು ಹೊಸ ಸಂಶೋಧನೆಯಲ್ಲ, ಮದುವೆಮನೆಯಲ್ಲಿ ಅನ್ನದ ಮೇಲೆ ಮೊದಲು ಬಡಿಸುವ ತೊವ್ವೆಯ ದಾಯಾದಿ. ಆದರೆ ಒಗ್ಗರಣೆ ಬಿದ್ದ ಮೇಲೆ ಎತ್ತಿ, ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡರೆ ಸಾಲದು. ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಬೀಜ ತೆಗೆದರೆ ಖಾರ ಹೋಯಿತು ಅನ್ನುವುದೂ ಅರ್ಧ ಸತ್ಯ. ಖಾರದ ಬೀಡು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳು.

ಕಾಫಿ ವಿಷಯದಲ್ಲಿ ಮಾತ್ರ ನಾನು ಮೊಂಡ. ಖಾಲಿ ಹೊಟ್ಟೆಯ ಕಾಫಿ ಬಿಟ್ಟೆ, ತಿಂಡಿ ಆದ ಮೇಲಿನ ಅರ್ಧ ಲೋಟ ಉಳಿಸಿಕೊಂಡೆ. ನನಗೆ ಒಗ್ಗಿದೆ. ನಿಮಗೆ ಒಗ್ಗದೆಯೂ ಇರಬಹುದು, ಪಟ್ಟಿಯಲ್ಲಿರುವುದೆಲ್ಲ ಎಲ್ಲರನ್ನೂ ಕಾಡುವುದಿಲ್ಲ. ಇನ್ನು ಉರಿ ಎದ್ದಾಗಲೆಲ್ಲ ತಣ್ಣನೆ ಹಾಲು ಕುಡಿಯುವವರಿದ್ದಾರೆ. ಕ್ಷಣಕ್ಕೆ ಹಿತ, ಆದರೆ ಸ್ವಲ್ಪ ಹೊತ್ತಿಗೆ ಅದೇ ಹಾಲು ಜಠರದಲ್ಲಿ ಇನ್ನಷ್ಟು ಆಮ್ಲ ಊರಿಸುತ್ತದೆ.

ಏನು ಉಣ್ಣುತ್ತೇನೆ ಅನ್ನುವಷ್ಟೇ ಎಷ್ಟು ಹೊತ್ತಿಗೆ ಉಣ್ಣುತ್ತೇನೆ ಅನ್ನುವುದೂ ನನ್ನನ್ನು ಕಾಡುತ್ತಿತ್ತು. ಧಾರಾವಾಹಿ ಮುಗಿದು ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ. ಊಟಕ್ಕೂ ಮಲಗುವುದಕ್ಕೂ 3 ಗಂಟೆಯಾದರೂ ಅಂತರ ಇರಲಿ ಅನ್ನುತ್ತಾರೆ ವೈದ್ಯರು. ಈಗ ಏಳಕ್ಕೇ ತಟ್ಟೆ. ಜೈನರು ಹೊತ್ತು ಮುಳುಗುವ ಮುನ್ನ ಉಣ್ಣುವುದು ಅಹಿಂಸೆಗಾಗಿ, ಆದರೆ ನನ್ನಂಥವನ ಹೊಟ್ಟೆಗೂ ಅದು ಒಪ್ಪುವ ಕ್ರಮವೇ. ನಮ್ಮ ಹಿರಿಯರ ‘ವಾಮಕುಕ್ಷಿ’ಯನ್ನೂ ಈಗ ಗೌರವದಿಂದ ನೋಡುತ್ತೇನೆ. ಎಡಮಗ್ಗುಲಾದರೆ ಜಠರ ಆ ಸ್ನಾಯುವಿನ ಬಾಯಿಗಿಂತ ಕೆಳಗೆ ಉಳಿಯುತ್ತದೆ, ಬಲಮಗ್ಗುಲಾದರೆ ಆಮ್ಲಕ್ಕೆ ದಾರಿ ಸಲೀಸು.

ಇಷ್ಟೆಲ್ಲ ಮಾಡಿಯೂ ಉರಿ ನಿಲ್ಲದಿದ್ದರೆ, ನುಂಗುವಾಗ ತುತ್ತು ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ ತೊವ್ವೆಯನ್ನು ನಂಬಿ ಕೂರಬೇಡಿ. ವೈದ್ಯರಲ್ಲಿಗೆ ಹೋಗಿ.

ಕೊನೆಯ ಉಪಾಯ ಮಂಚದ್ದು. ತಲೆಯ ಕಡೆ 6 ಇಂಚು ಎತ್ತರವಿರಬೇಕು. ದಿಂಬಿನ ಮೇಲೆ ದಿಂಬು ಒಟ್ಟಿದರೆ ಸೊಂಟ ಮಡಚಿ ಹೊಟ್ಟೆಯೇ ಒತ್ತುತ್ತದೆ. ಹಾಗಾಗಿ ತಲೆಗಡೆಯ ಎರಡೂ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟೆವು. ಮನೆಯಲ್ಲಿರುವುದು ಒಂದೇ ಮಂಚ. ಆಮ್ಲ ನನ್ನದು, ಇಳಿಜಾರು ಇಬ್ಬರದೂ. ಬೆಳಗ್ಗೆ ಏಳುವಷ್ಟರಲ್ಲಿ ಇಬ್ಬರೂ ಒಂದು ಗೇಣು ಕೆಳಕ್ಕೆ ಜಾರಿರುತ್ತೇವೆ. ಅವಳು ಹೊದಿಕೆ ಸಮೇತ ಮೇಲಕ್ಕೆ ಸರಿದುಕೊಂಡು, “ಇವತ್ತು ಹೇಗಿತ್ತು ರೀ?” ಅನ್ನುತ್ತಾಳೆ.