ಬಾಗಿಲು ದಾಟಿದ ಮೇಲೆ



ಜೀವರಸಾಯನ ವಿಜ್ಞಾನಿ ಕಮಲಾ ಭಾಗವತ್ ಅವರ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಗಂಡಸರ ಗಮನ ಕೆಡಿಸಬಾರದು ಎಂಬ ಷರತ್ತುಗಳೊಡನೆ ಪ್ರವೇಶ ಸಿಕ್ಕಿತು. ಅಷ್ಟು ಕೇಳಿ ನಾವು ಚಪ್ಪಾಳೆ ತಟ್ಟಿ ಏಳುತ್ತೇವೆ. ನನ್ನನ್ನು ಕಾಡುವುದು ಆ ಎರಡನೆಯ ಷರತ್ತು. ಒಳಗೆ ಬಾ, ಆದರೆ ಯಾರ ಕಣ್ಣಿಗೂ ಬೀಳಬೇಡ ಎಂದರೆ ಹೇಗೆ?

ಅಂಥ ಷರತ್ತಿನ ಬೆಲೆ ತಿಳಿಯಲು ಭೌತವಿಜ್ಞಾನಿ ಅನ್ನಾ ಮಣಿಯವರನ್ನು ನೋಡಿ. ತಿರುವಾಂಕೂರಿನ ಪೀರುಮೇಡಿನಿಂದ ಬಂದವರು, 1940ರಲ್ಲಿ ಇದೇ ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ಕೆಲಸ ವಜ್ರ, ಮಾಣಿಕ್ಯಗಳ ವರ್ಣಪಟಲದ ಮೇಲೆ. ಛಾಯಾಫಲಕವೊಂದಕ್ಕೆ ಹದಿನೈದಿಪ್ಪತ್ತು ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಅಲ್ಲೇ ಮಲಗಿದರು. 1942ರಿಂದ 1945ರೊಳಗೆ ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. ಆ ಪ್ರಯೋಗಾಲಯದಲ್ಲಿ ಗಂಡಸರೂ ಹೆಂಗಸರೂ ಬೆರೆಯಬಾರದೆಂಬ ಕಟ್ಟುನಿಟ್ಟಿತ್ತು. ಆದ್ದರಿಂದ ಅವರ ಒಂಟಿತನ ಸ್ವಭಾವದ್ದಲ್ಲ, ವಿಧಿಸಿದ್ದು. ಸಂಶೋಧನೆ ಬೆಳೆಯುವುದು ಉಪಕರಣದ ಪಕ್ಕದ ಹರಟೆಯಲ್ಲಿ, ಕಾಫಿಯ ಜೊತೆಗಿನ ಜಗಳದಲ್ಲಿ. ಅದನ್ನೇ ತಪ್ಪಿಸಿದ ಮೇಲೆ ಕೊಟ್ಟ ಮೇಜು, ಕುರ್ಚಿ ಅರ್ಧ ಪ್ರವೇಶ ಮಾತ್ರ. 1945ರಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರೆ, ಎಂ.ಎಸ್‌ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ದೇಶದ ಮಾಪಕಗಳನ್ನು ದೇಶದಲ್ಲೇ ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಹವಾಮಾನಶಾಸ್ತ್ರಕ್ಕೆ ಅದು ಲಾಭವೇ. ಹಾಗೆಂದು ಭೌತಶಾಸ್ತ್ರಕ್ಕಾದ ನಷ್ಟವನ್ನು ಮರೆಯಲು ನಾನು ಸಿದ್ಧಳಿಲ್ಲ.

ಇಂದಿನ ನೇಮಕಾತಿ ಸಮಿತಿಗಳು ಹೆಣ್ಣುಮಕ್ಕಳೆಷ್ಟು ಎಂದು ಲೆಕ್ಕ ಹಾಕುತ್ತವೆ, ಒಳ್ಳೆಯದು. ಸೇರಿದ ಹುಡುಗಿಯ ಜೊತೆ ಕೂತು ವಾದ ಮಾಡುವವರು ಯಾರು ಎಂದೂ ಕೇಳಲಿ.

ಹಾಗೆ ಜೊತೆ ಕೂರುವ ಜಾಗಕ್ಕೆ ಹೆಂಗಸೊಬ್ಬರು ಬಂದದ್ದೂ ಉಂಟು. ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಅವರೊಡನೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಆಂಟೆನಾಗಳ ಬಗ್ಗೆ ಪುಸ್ತಕ ಬರೆದರು, ಸಂಶೋಧನಾ ವಿದ್ಯಾರ್ಥಿಗಳ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಕಮಲಾ ಅವರನ್ನು ಷರತ್ತು ಹಾಕಿ ಒಳಬಿಟ್ಟ ಸಂಸ್ಥೆಯಲ್ಲಿ ಯಾರು ಏನು ಓದಬೇಕು, ಯಾರು ಯಾರೊಡನೆ ಕೆಲಸ ಮಾಡಬೇಕು ಎಂದು ಒಬ್ಬ ಹೆಂಗಸು ತೀರ್ಮಾನಿಸತೊಡಗಿದ್ದು ಹೀಗೆ.