ಏಲಕ್ಕಿಯಷ್ಟು ಗೋಣಿಚೀಲ



ನನ್ನ ಕೈಯಲ್ಲಿರುವುದು ಒಂದು ಏಲಕ್ಕಿ. ಹಾವೇರಿಯ ಸಭೆಯಲ್ಲಿ ಏಲಕ್ಕಿ ಹೊರಗೆ ಬಂತೆಂದರೆ ಹಿಂದೆಯೇ ಸನ್ಮಾನದ ಏಲಕ್ಕಿ ಹಾರ ಬರುತ್ತದೆ, ಹಾರದ ಹಿಂದೆ ಫೋಟೋದವರು ಬರುತ್ತಾರೆ. ಇವತ್ತು ಹಾಗೇನಿಲ್ಲ. ಇದು ಗೋವಿನಜೋಳ ತುಂಬಿದ ಗೋಣಿಚೀಲ.

ಲೆಕ್ಕ ಹೇಳ್ತೀನಿ ಕೇಳ್ರಿ. ಗೋಣಿಚೀಲ ಸುಮಾರು ಮೂರಡಿ ಉದ್ದ, ಎರಡಡಿ ಅಗಲ. ನನ್ನ ಹಾಗೆ ಪುಟ್ಟ ಮಾದರಿ ರೈಲು ಮಾಡುವವರಲ್ಲಿ ಹೆಚ್ಚಿನವರು ಹಿಡಿಯುವ ಅಳತೆಗೆ ‘ಎಚ್‌ಒ’ ಎನ್ನುತ್ತಾರೆ. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್, ಅಂದರೆ 87ರಲ್ಲಿ ಒಂದು ಪಾಲು. ಚೀಲವನ್ನು 87ರಿಂದ ಭಾಗಿಸಿದರೆ ಉದ್ದ ಒಂದು ಸೆಂಟಿಮೀಟರ್, ಅಗಲ ಏಳು ಮಿಲಿಮೀಟರ್. ಸಂತೆಯಲ್ಲಿ ಸಿಗುವ ಏಲಕ್ಕಿ ಹೆಚ್ಚು ಕಡಿಮೆ ಅಷ್ಟೇ. ಎರಡೂ ತುದಿ ಚೂಪು, ನಡುವೆ ಉಬ್ಬು, ಬಾಯಿ ಹೊಲಿದ ಚೀಲದ ಗತ್ತು ಹುಟ್ಟಿನಿಂದಲೇ ಬಂದಿದೆ. ಬಣ್ಣ ಬಳಿದರೆ ಮುಗಿಯಿತು. ಥರ್ಮಾಕೋಲಿನಲ್ಲಿ, ಜೇಡಿಮಣ್ಣಿನಲ್ಲಿ, ಎಂ-ಸೀಲಿನಲ್ಲಿ ಎರಡು ತಿಂಗಳು ಚೀಲ ತಿದ್ದಿ ತಿದ್ದಿ ಸೋತಿದ್ದೆ. ಒಂದು ಸಂಜೆ ಚಹಾಕ್ಕೆ ಜಜ್ಜಲು ಕಟ್ಟೆಯ ಮೇಲೆ ಇಟ್ಟಿದ್ದ ಏಲಕ್ಕಿ ಕಂಡಿತು. ಆ ದಿನ ಮನೆಯಲ್ಲಿ ಬರೀ ಚಹಾ ಕುಡಿದೆವು.

ನಮ್ಮಪ್ಪ ರಾಣೆಬೆನ್ನೂರಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ‘ಆರ್‌ಆರ್ ಬಂತೇನು?’ ಆರ್‌ಆರ್ ಅಂದರೆ ರೈಲ್ವೆ ರಸೀದಿ. ಯಾವ ಊರಿನಿಂದ ಯಾವ ಊರಿಗೆ, ಯಾರ ಮಾಲು, ಎಷ್ಟು ಚೀಲ, ಎಲ್ಲ ಅದರಲ್ಲಿ. ಅದು ಕೈಗೆ ಬಾರದೆ ಗೂಡ್ಸ್ ಶೆಡ್ಡಿನಲ್ಲಿ ಒಂದು ಚೀಲವನ್ನೂ ಮುಟ್ಟುವ ಹಾಗಿಲ್ಲ. ವ್ಯಾಗನ್ ಬಂತೋ ಇಲ್ಲವೋ ನೋಡಿಕೊಂಡು ಬಾ ಅಂತ ನನ್ನನ್ನು ಸ್ಟೇಶನ್ನಿಗೆ ಅಟ್ಟುತ್ತಿದ್ದರು. ಹುಡುಗರೆಲ್ಲ ಪ್ಯಾಸೆಂಜರ್ ಗಾಡಿ ನೋಡಿ ಕೈ ಬೀಸುವ ವಯಸ್ಸಿನಲ್ಲಿ ನಾನು ಮಾಲಗಾಡಿಯ ವ್ಯಾಗನ್ ಎಣಿಸುತ್ತಿದ್ದೆ. ಹಾಗಾಗಿ ನನ್ನ ಟೇಬಲ್ಲಿನ ಮೇಲೆ ಓಡುವುದೂ ಮಾಲಗಾಡಿಯೇ. ಪ್ಯಾಸೆಂಜರ್ ಗಾಡಿ ಎಲ್ಲ ಊರಲ್ಲೂ ಒಂದೇ ಥರ, ಕಿಟಕಿಯಲ್ಲಿ ಮುಖಗಳು. ಮಾಲಗಾಡಿ ಮಾತ್ರ ಒಂದು ಊರು ಏನು ಬೆಳೆಯುತ್ತದೆ, ಅದಕ್ಕೆ ಏನು ಸಾಲದು ಎಂಬುದನ್ನು ಬಾಗಿಲು ತೆರೆದು ತೋರಿಸುತ್ತದೆ.

ನಮ್ಮ ಹಳಿ ಹುಟ್ಟಿದ್ದೇ ಕಾಳಿಗಾಗಿ. 1876ರಿಂದ 78ರವರೆಗೆ, ಧಾತು, ಈಶ್ವರ ಸಂವತ್ಸರಗಳಲ್ಲಿ, ಬಿದ್ದ ಬರದಲ್ಲಿ ಈ ಸೀಮೆಯ ಜನ ಸತ್ತದ್ದಕ್ಕೆ ಮಳೆ ಹೋದದ್ದೊಂದೇ ಕಾರಣವಲ್ಲ. ಬೇರೆ ಕಡೆ ಇದ್ದ ಕಾಳನ್ನು ಇಲ್ಲಿಗೆ ಹೊತ್ತು ತರಲು ಎತ್ತೇ ಬೇಕಾಗಿತ್ತು, ಎತ್ತಿಗೆ ದಾರಿಯಲ್ಲಿ ಮೇವಿಲ್ಲ. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಅದರ ಹಳಿ ಹೋಟಗಿಯಿಂದ ಗದಗಿಗೆ ಬಂತು. ಬರಪರಿಹಾರದ ಹಳಿ, ಮೀಟರ್ ಗೇಜು. ಅದೇ ಕಂಪನಿಯ ಹಳಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾಯ್ದು ತುಂಗಭದ್ರೆ ದಾಟಿ ಹರಿಹರ ಮುಟ್ಟಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ‘ಎಂಎಸ್‌ಎಂ’ ಆಯಿತು. 1951ರಲ್ಲಿ ಸದರ್ನ್ ರೈಲ್ವೆ ಬಂತು. ಮುಂದಿನ ಹೆಸರುಗಳೆಲ್ಲ ನಿಮ್ಮ ಟಿಕೆಟಿನ ಮೇಲೆ ಅಚ್ಚಾಗಿ ಬಂದವೇ.

ಅಮೆರಿಕದಲ್ಲಿ ಮಾಲಗಾಡಿಯ ಮಾದರಿ ಮಾಡುವವರ ಒಂದು ದೊಡ್ಡ ಪಂಗಡವೇ ಇದೆ. 1980ರಲ್ಲಿ ಅಲ್ಲಿ ರೈಲ್ವೆ ಕಾನೂನು ಸಡಿಲವಾಯಿತು. ದೊಡ್ಡ ಕಂಪನಿಗಳು ಬೇಡವಾದ ಹಳಿಗಳನ್ನು ಮಾರಿದವು, ಸಣ್ಣ ಪ್ರಾದೇಶಿಕ ಕಂಪನಿಗಳು ಕೊಂಡವು. ವಿಸ್ಕಾನ್ಸಿನ್ ಸೆಂಟ್ರಲ್ ಅಂತ 1987ರಲ್ಲಿ ಓಡಲು ಶುರುವಾದ ಒಂದು ಕಂಪನಿ ದೊಡ್ಡವರು ಬಿಟ್ಟ ಹಳೇ ಇಂಜಿನ್ನುಗಳನ್ನೇ ರಿಪೇರಿ ಮಾಡಿ ಬಣ್ಣ ಬಳಿದು ಓಡಿಸಿತು, ಮುದಿ ಎತ್ತು ಕೊಂಡು ಹೊಲ ಉತ್ತವರ ಹಾಗೆ. ಮಾದರಿ ಮಾಡುವವರಿಗೆ ಇಂಥ ಕಂಪನಿಯೆಂದರೆ ಪ್ರಾಣ. ಹಳಿ ಸಣ್ಣದು, ಗಿರಾಕಿ ನಾಲ್ಕೇ ಜನ, ಯಾರ ಬಾಗಿಲಲ್ಲಿ ಯಾವ ವ್ಯಾಗನ್ ಎಂದು ಬೆರಳಿನಲ್ಲಿ ಎಣಿಸಬಹುದು.

ಅವರು ಆಡುವುದಾದರೂ ಏನು ಅಂದುಕೊಂಡಿರಿ? ಪ್ರತಿ ವ್ಯಾಗನ್ನಿಗೂ ಒಂದು ಚೀಟಿ. ಈ ವ್ಯಾಗನ್ ಆ ಗಿರಣಿಗೆ, ಆ ಖಾಲಿ ವ್ಯಾಗನ್ ಈ ಗೋದಾಮಿಗೆ. ಚೀಟಿ ನೋಡಿ ಇಂಜಿನ್ನು ಹಿಂದೆ ಮುಂದೆ ಆಡಿಸಿ, ಒಂದೊಂದನ್ನೂ ಅದರ ಜಾಗಕ್ಕೆ ನೂಕಿ ಬಿಡುವುದೇ ಆಟ. ಮೊದಲ ಸಲ ಇದನ್ನು ಓದಿದಾಗ ನಕ್ಕುಬಿಟ್ಟೆ. ಇದು ನಮ್ಮಪ್ಪನ ಆರ್‌ಆರ್ ಅಲ್ಲವೇನ್ರಿ!

ಅದೇ ಪಂಗಡದ ಫ್ರಾಂಕ್ ಎಲಿಸನ್ ಎಂಬವನು 1940ರ ದಶಕದಲ್ಲೇ ಬರೆದಿದ್ದ: ಪುಟ್ಟ ರೈಲೆಂದರೆ ನಾಟಕ, ಹಳಿ ರಂಗ, ಗಾಡಿಗಳು ಪಾತ್ರಧಾರಿಗಳು. ದೊಡ್ಡಾಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಬಂದ ಅಲೆನ್ ಮೆಕ್ಲೆಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಗಾಡಿ ನಿಮ್ಮ ಕೋಣೆಯಲ್ಲಿ ಹುಟ್ಟಿ ನಿಮ್ಮ ಕೋಣೆಯಲ್ಲೇ ಸಾಯಬಾರದು, ಗೋಡೆಯಾಚೆಯ ಲೋಕದಿಂದ ಬಂದು ಅಲ್ಲಿಗೇ ಹೋಗಬೇಕು ಎಂದ. ಹೀಗಾಗಿ ನನ್ನ ಟೇಬಲ್ಲಿನ ಎರಡೂ ಕೊನೆಗೆ ಹಳೇ ಸೀರೆಯ ತುಂಡಿನ ತೆರೆ ಕಟ್ಟಿದ್ದೇನೆ. ಎಡಗಡೆ ತೆರೆಯ ಹಿಂದೆ ಹುಬ್ಬಳ್ಳಿ, ಬಲಗಡೆ ಹರಿಹರ. ನಡುವೆ ಮೂರೇ ಊರು. ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತು ಕಿಲೋಮೀಟರ್ ಮೇಲಾಗುತ್ತದೆ. 87ರಿಂದ ಭಾಗಿಸಿದರೂ ಮುನ್ನೂರೈವತ್ತು ಮೀಟರ್ ಹಿಡಿಯಬೇಕು. ನನ್ನಲ್ಲಿರುವುದು ಹನ್ನೆರಡು ಅಡಿಯ ಟೇಬಲ್. ನಡುವಿನ ದೇವರಗುಡ್ಡ ಸ್ಟೇಶನ್ ಬಿಟ್ಟೆ, ಅಲ್ಲಿಯ ದೇವರು ಮಾಲತೇಶ ಕ್ಷಮಿಸಲಿ.

ನನ್ನ ಮೊದಲ ಇಂಜಿನ್ನಿನ ಕಥೆ ಹೇಳದಿದ್ದರೆ ನಮ್ಮ ಮನೆಯವರು ಹೇಳಿಬಿಡುತ್ತಾರೆ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4 ಮಾಡಬೇಕೆಂಬ ಆಸೆ ಇತ್ತು. ನಾಲ್ಕು ಸಾವಿರ ಅಶ್ವಶಕ್ತಿ, 126 ಟನ್ ತೂಕ, ಹದಿನಾರು ಸಿಲಿಂಡರ್. ಮೂಲ ವಿನ್ಯಾಸ ಅಮೆರಿಕದ ಇಎಂಡಿ ಕಂಪನಿಯದು, ಈ ಜಾತಿಗೆ ನಮ್ಮ ದೇಶದಲ್ಲಿ ಮೊದಲ ಮನೆ ಹುಬ್ಬಳ್ಳಿ. ಅದರ ಅಣ್ಣತಮ್ಮಂದಿರಂತಿರುವ ಅಮೆರಿಕದ ಇಂಜಿನ್ನಿನ ಮಾದರಿಯೊಂದನ್ನು ತರಿಸಿ, ಕುಯ್ದು, ಫೋಮ್ ಶೀಟು ಅಂಟಿಸಿ, ಪಕ್ಕದಲ್ಲಿ ‘ಹುಬ್ಬಳ್ಳಿ’ ಎಂದು ಬರೆದೆ. ಉದ್ದ ಒಂದು ಗೇಣಿಗಿಂತ ಚೂರು ಹೆಚ್ಚು. ಪಕ್ಕದಿಂದ ನೋಡಿದರೆ ಕಣ್ಣು ತುಂಬುತ್ತದೆ. ಎದುರಿನಿಂದ ನೋಡಿದೆ, ಎದೆ ಒಡೆಯಿತು. ಪೈಲ್ವಾನನಿಗೆ ಮಗುವಿನ ಚಪ್ಪಲಿ ಹಾಕಿದ ಹಾಗೆ! ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ ಹಳಿಗಳ ನಡುವೆ 19.3 ಮಿಲಿಮೀಟರ್ ಬೇಕು. ಅಂಗಡಿಯಲ್ಲಿ ಸಿಗುವ ಹಳಿ ಅಮೆರಿಕದ, ಯುರೋಪಿನ 1435ಕ್ಕೆ ಮಾಡಿದ್ದು, 16.5. ಜಗತ್ತಿನ ಪುಟ್ಟ ಹಳಿಯಲ್ಲಿ ನಮ್ಮ ದೊಡ್ಡ ಹಳಿಗೆ ಜಾಗವಿಲ್ಲ.

ಒಂದು ವಾರ ಪೆಟ್ಟಿಗೆ ಮುಚ್ಚಿಟ್ಟೆ. ಆಮೇಲೆ ಹೊಳೆಯಿತು. ಸಾವಿರ ಮಿಲಿಮೀಟರಿನ ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ 11.5. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು 12 ಮಿಲಿಮೀಟರಿನ ಹಳಿ ಸಿದ್ಧವಾಗಿ ಸಿಗುತ್ತದೆ. ಅಂದರೆ ನಾವು ಕಿತ್ತು ಹಾಕಿದ ಹಳಿಗೇ ಅಳತೆ ಸರಿಹೊಂದುತ್ತದೆ! 1992ರಲ್ಲಿ ಗೇಜ್ ಪರಿವರ್ತನೆಯ ದೊಡ್ಡ ಯೋಜನೆ ಶುರುವಾದಾಗ ರೈಲ್ವೆ ಮಂತ್ರಿಯಾಗಿದ್ದವರು ನಮ್ಮ ಚಿತ್ರದುರ್ಗದ ಕಡೆಯ ಜಾಫರ್ ಷರೀಫರು. ಅದೇ ದಶಕದಲ್ಲಿ ನಮ್ಮ ಸಣ್ಣ ಹಳಿ ಹೋಯಿತು. ಅದರ ಜೊತೆ ವೈಜಿ ಹೋಯಿತು, ಎಳೆಯುವ ಚಕ್ರ ಎಂಟು ಇದ್ದ ಉಗಿ ಇಂಜಿನ್, ಹೆಸರಿನಲ್ಲೇ ಗೂಡ್ಸಿನ ‘ಜಿ’. ಅದರ ಬೆನ್ನಿಗೆ ಬಂದ ವೈಡಿಎಂ-4 ಡೀಸೆಲ್ಲೂ ಹೋಯಿತು; ಆರು ಸಿಲಿಂಡರಿನ ಆಲ್ಕೊ ಇಂಜಿನ್, ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು. ನನ್ನ ಟೇಬಲ್ಲಿನಲ್ಲಿ ಈಗ ಇವೆರಡೂ ಇವೆ. ವ್ಯಾಗನ್ನುಗಳಿಗೆ ಬಳಿದದ್ದು ನಮ್ಮ ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್. ಒಂಟಿ ಹಳಿಯಲ್ಲಿ ಡ್ರೈವರನ ಕೈಗೆ ಟೋಕನ್ ಕೊಡುತ್ತಿದ್ದ ಬೆತ್ತದ ಬಳೆ ನೆನಪಿದೆಯೇ? ಸುಟ್ಟ ಮೋಟಾರಿನ ವೈಂಡಿಂಗ್ ತಂತಿ ಬಾಗಿಸಿ ಏಳು ಮಿಲಿಮೀಟರಿನ ಬಳೆ ಮಾಡಿದೆ. ಆ ಬಳೆ ಹಿಡಿದ ಪೋರ್ಟರ್ ಒಂದು ಬೆಂಕಿಕಡ್ಡಿಯ ಅರ್ಧದಷ್ಟೂ ಇಲ್ಲ.

ಇನ್ನು ಬ್ಯಾಡಗಿ. ಹಳಿಯ ಕೆಳಗೆ ಜಲ್ಲಿಯೆಂದು ಬನ್ಸಿ ರವೆಗೆ ಬೂದು ಬಣ್ಣ ಹಚ್ಚಿ ಹಾಕಿದ್ದೆ, ಒಂದು ಮಳೆಗಾಲದಲ್ಲಿ ಇರುವೆಗಳು ಹಾವೇರಿಯಿಂದ ಬ್ಯಾಡಗಿಯವರೆಗೆ ಜಲ್ಲಿಯನ್ನೆಲ್ಲ ಹೊತ್ತೊಯ್ದವು. ಅದು ಹೋಗಲಿ, ಕ್ರಷರಿನ ಪುಡಿ ಜರಡಿ ಹಿಡಿದು ಹಾಕಿ ಸರಿ ಮಾಡಿದೆ. ಕಷ್ಟವಾಗಿದ್ದು ಮೆಣಸಿನಕಾಯಿ ರಾಶಿ. ಉದ್ದನೆಯ ಕಡ್ಡಿ ಮೆಣಸಿನಕಾಯಿಯೂ ಈ ಅಳತೆಯಲ್ಲಿ ಒಂದೆರಡು ಮಿಲಿಮೀಟರ್, ಡಬ್ಬಿ ಜಾತಿ ಅದಕ್ಕೂ ಗಿಡ್ಡ. ಕೆಂಪು ದಾರ ಕತ್ತರಿಸಿ ಸುರಿದೆ, ದರ್ಜಿ ಅಂಗಡಿಯ ಕಸದ ಹಾಗೆ ಕಂಡಿತು. ಬಣ್ಣ ಬಳಿದ ಮರದ ಪುಡಿಗೆ ಆ ಕೆಂಪು ಬರಲೇ ಇಲ್ಲ. ಕೊನೆಗೆ ಮಾರುಕಟ್ಟೆಯಿಂದ ಡಬ್ಬಿ ತಂದು, ಬೀಜ ತೆಗೆದು, ತರಿತರಿಯಾಗಿ ಕುಟ್ಟಿ ಹಾಕಿದೆ. ಅದೇ ಬಣ್ಣ! ಅಂಗಳ ತುಂಬ ಹರಡಿದ ಫೆಬ್ರುವರಿಯ ಬ್ಯಾಡಗಿ ಕಣ್ಣೆದುರು ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಅಂತ ಹೆಸರು. 2011ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಹಿಂದೆಯೂ ಆ ಕೆಂಪೇ ಇದೆ. ಖಾರ ಕಡಿಮೆ ಅನ್ನುವವರು ಅವತ್ತು ನನ್ನ ಕೋಣೆಯಲ್ಲಿರಬೇಕಿತ್ತು. ಮೊಮ್ಮಗ ಬಂದವನೇ ಫ್ಯಾನ್ ಹಾಕಿದ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಿನ ಜನ, ಅಂದರೆ ನಮ್ಮ ಮನೆಯ ಮೂವರು, ಅರ್ಧ ಗಂಟೆ ಸೀನಿದೆವು.

ಆ ರಾಶಿ ಕಿಟಕಿ ಬಿಸಿಲಿಗೆ ಐದಾರು ತಿಂಗಳಲ್ಲಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ಇಳಿಯಿತು. ಬ್ಯಾಡಗಿ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಯಾಕಿವೆ ಅಂತ ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ ನೋಡ್ರಿ. ಬೆಳಕು, ಬಿಸಿ ತಾಗಿದಷ್ಟೂ ಕೆಂಪು ಇಳಿಯುತ್ತದೆ, ಕೆಂಪು ಇಳಿದಷ್ಟೂ ದರ ಇಳಿಯುತ್ತದೆ. ಅಂಗೈ ಅಗಲದ ಬ್ಯಾಡಗಿ ಮಾಡಿದ ಮೇಲೆ ಆ ಕಟ್ಟಡಗಳನ್ನೂ ಮಾಡಬೇಕಾಯಿತು. ರಾಶಿ ಈಗ ವರ್ಷಕ್ಕೊಮ್ಮೆ, ಹೊಸ ಮಾಲು ಬಂದಾಗ, ಬದಲಾಗುತ್ತದೆ.

ಹಾವೇರಿಯ ಗೂಡ್ಸ್ ಶೆಡ್ಡಿನ ಚೀಟಿ ಬರೆಯುವಾಗ ಮಾತ್ರ ನನಗೆ ಆಟವಾಡಲು ಆಗಲಿಲ್ಲ. ಹೊರಗೆ ಹೋಗುವ ವ್ಯಾಗನ್ನಿಗೆ ಗೋವಿನಜೋಳ ಎಂದು ಬರೆದೆ. ಒಳಗೆ ಬರುವುದಕ್ಕೆ ಗೊಬ್ಬರ ಎಂದು ಬರೆದು ಪೆನ್ನು ಕೆಳಗಿಟ್ಟೆ. 2008ರ ಜೂನ್ 10ರಂದು ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗದೆ ಇದೇ ಊರಿನ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ತೀರಿಕೊಂಡರು. ‘ರೇಕ್ ಬಂತಂತೆ’, ಅಂದರೆ ಗೊಬ್ಬರ ಹೊತ್ತ ಮಾಲಗಾಡಿ ಬಂತಂತೆ, ಎಂಬ ಮಾತು ಇಲ್ಲಿ ಎಷ್ಟು ತೂಕದ್ದು ಅಂತ ಈ ಸಭೆಯಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಹಾವೇರಿಯ ಶೆಡ್ಡಿನಲ್ಲಿ ಒಂದು ವ್ಯಾಗನ್ ಸದಾ ನಿಂತಿರುತ್ತದೆ, ಬಾಗಿಲು ತೆರೆದು. ಅದರ ಚೀಟಿಯನ್ನು ನಾನು ಆಟದಲ್ಲಿ ಕಲಸುವುದಿಲ್ಲ.

ಈಗಿನ ಹಳಿಯನ್ನು ಯಾರಾದರೂ ಹುಡುಗರು ಮಾಡಲಿ. ಜೋಡಿ ಹಳಿ ಬಂತು, ಮೇಲೆ ವಿದ್ಯುತ್ ತಂತಿ ಬಂತು, 2023ರ ಜೂನಿನಿಂದ ವಂದೇ ಭಾರತ್ ಓಡುತ್ತಿದೆ. 58 ವ್ಯಾಗನ್ನುಗಳ ಒಂದು ರೇಕ್ ಆರುನೂರು ಮೀಟರಿಗೆ ಮೇಲೆ. ಮಾದರಿಯಲ್ಲೂ ಏಳು ಮೀಟರ್ ದಾಟುತ್ತದೆ. ಮಾಡುವವರು ಹುಬ್ಬಳ್ಳಿ ಸ್ಟೇಶನ್ನಿನ ಹಿಂದೆ 2020ರಲ್ಲಿ ಆದ ರೈಲು ಮ್ಯೂಸಿಯಂ ನೋಡಲಿ, ಮೈಸೂರಿನ 1979ರ ಮ್ಯೂಸಿಯಮ್ಮಿಗೆ ಟೇಪು ಹಿಡಿದುಕೊಂಡೇ ಹೋಗಲಿ. ಪುಣೆಯಲ್ಲಿ ಜೋಶಿಯವರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ದುಡ್ಡು ಖರ್ಚು ಮಾಡುವ ಮೊದಲು ನಮ್ಮ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋಗಿ ಕಲಾವಿದ ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ನೋಡಲಿ ಎಂಬುದು ನನ್ನ ಸಲಹೆ. ಅಲ್ಲಿ ರೈಲಿಲ್ಲ. ಆದರೆ ರಾಗಿ ಬೀಸುವವಳ ಮೊಣಕೈ ಎಷ್ಟು ಬಾಗುತ್ತದೆ ಅನ್ನುವುದನ್ನು ನೋಡಿ ನೋಡಿ ಶಿಲ್ಪ ಮಾಡಿದ ಕಣ್ಣಿದೆ. ನನ್ನ ಹಮಾಲನ ಬೆನ್ನು ಎಷ್ಟು ಬಾಗಬೇಕೆಂದು ನಾನು ಕಲಿತದ್ದು ಅಲ್ಲಿ ನಿಂತು.

ಸರಿ, ಗಾಡಿ ಬಿಡೋಣ. ವೈಜಿ ಇಂಜಿನ್, ಐದು ವ್ಯಾಗನ್, ಕೊನೆಗೆ ಗಾರ್ಡಿನ ಡಬ್ಬಿ. ನಿಜದಲ್ಲಿ ನಲವತ್ತು ಕಿಲೋಮೀಟರ್ ವೇಗವೆಂದರೆ ಇಲ್ಲಿ ಸೆಕೆಂಡಿಗೆ ಹದಿಮೂರು ಸೆಂಟಿಮೀಟರ್. ನಿಧಾನ ಅಂತ ಬೇಸರ ಮಾಡಿಕೊಳ್ಳಬೇಡಿ. ಹುಬ್ಬಳ್ಳಿಯ ತೆರೆಯಿಂದ ಬರುತ್ತದೆ. ಚೀಟಿಯ ಪ್ರಕಾರ ಹಾವೇರಿಯಲ್ಲಿ ಎರಡು ಬಿಟ್ಟು, ಬ್ಯಾಡಗಿಯಲ್ಲಿ ಒಂದು ಎತ್ತಿಕೊಂಡು ರಾಣೆಬೆನ್ನೂರಿಗೆ ಹೋಗಬೇಕು. ಚೀಟಿ ಯಾರು ಓದುತ್ತೀರಿ? ಮಕ್ಕಳು ಮುಂದೆ ಬರ್ರಿ.

ಅದಕ್ಕೂ ಮೊದಲು ಆ ಫ್ಯಾನ್ ಯಾರಾದರೂ ಆರಿಸಿರಪ್ಪಾ. ಬ್ಯಾಡಗಿಗೆ ನಿನ್ನೆಯಷ್ಟೇ ಹೊಸ ಮಾಲು ಬಂದಿದೆ.